ನಾಲ್ಕು ನಿಮಿಷಕ್ಕೆ ನಿಲ್ಲುತ್ತಿದ್ದ ಮೋಟರು

ದೋಣಿಯ ಮೋಟರು ನಿಂತಾಗ ನಾವು ದಂಡೆಯಿಂದ ಅರ್ಧ ಕಿಲೋಮೀಟರ್ ಒಳಗಿದ್ದೆವು. ಗೆಳೆಯ ಏನೂ ಮಾತಾಡಲಿಲ್ಲ. ಸುಮ್ನೆ ಹುಟ್ಟು ಕೈಗೆ ತೆಗೆದುಕೊಂಡ. ಎದುರು ಗಾಳಿ ಬೇರೆ. ದಡ ಸೇರುವ ಹೊತ್ತಿಗೆ ನನ್ನ ಅಂಗೈಯಲ್ಲಿ ಎರಡು ಬೊಬ್ಬೆ ಎದ್ದಿದ್ದವು. ಅದು ಮೂರನೇ ಸಲ. ಮೂರು ಸಲವೂ ಹೆಚ್ಚುಕಡಿಮೆ ನಾಲ್ಕು ನಿಮಿಷ ಓಡಿ, ಒಮ್ಮೆ ಕೆಮ್ಮಿ, ನಿಂತಿತ್ತು.

ಈ ಮೋಟರು ನನ್ನ ಕೈಗೆ ಬಂದದ್ದು ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದ ವರ್ಷ, 2024ರ ಕೊನೆಗೆ. ಮಲ್ಪೆ ಕಡೆ ನಮ್ಮ ಸಂಬಂಧಿಯೊಬ್ಬರಿದ್ದಾರೆ. ಅವರ ಶೆಡ್ಡಿನಲ್ಲಿ ಆರು ವರ್ಷದಿಂದ ಮೂಲೆ ಹಿಡಿದಿತ್ತು. ಎಂಟು ಹೆಚ್‌ಪಿ, ಎರಡು ಸಿಲಿಂಡರ್, ಟೂ ಸ್ಟ್ರೋಕ್. ಕರಾವಳಿಯವರು ಇದಕ್ಕೆ ಓಬಿಎಂ ಅಂತಾರೆ, ಅಂದರೆ ಔಟ್‌ಬೋರ್ಡ್ ಮೋಟರು, ದೋಣಿಯ ಹಿಂಬದಿಗೆ ಹೊರಗಿನಿಂದ ಕಟ್ಟುವಂಥದ್ದು. ಮುನಿರಾಬಾದ್ ಹಿನ್ನೀರಿನಲ್ಲಿ ಮೀನು ಹಿಡಿಯುವ ಗೆಳೆಯನ ಹತ್ತಿರ ಒಂದು ಫೈಬರ್ ದೋಣಿ ಇತ್ತು. ಇಬ್ಬರೂ ಸೇರಿ 18,000 ಕೊಟ್ಟು ತಂದೆವು. ನಮ್ಮ ಓಣಿಯವರೆಲ್ಲ ಬಂದು ನೋಡಿದರು. ಒಬ್ಬರು, "ಇದನ್ನ ಹರಿಗೋಲಿಗೆ ಕಟ್ಟಿದ್ರೆ ಹೆಂಗಿರ್ತದ್ರಿ?" ಎಂದು ಕೇಳಿದರು. ಗುಂಡಗಿನ ಹರಿಗೋಲಿಗೆ ಕಟ್ಟಿದರೆ ಬುಗುರಿ ಆಗುತ್ತದೆ, ಅಷ್ಟೇ.

ನಾನು ಮನೆ ವೈರಿಂಗ್ ಕೆಲಸದವನು. ಕರೆಂಟು ಗೊತ್ತು, ಇಂಜಿನ್ ಗೊತ್ತಿಲ್ಲ. ಮಲ್ಪೆಯವರು ಹೇಳಿ ಕಳಿಸಿದ್ದು ಒಂದೇ ಮಾತು: ನೀರಿಲ್ಲದೆ ಒಂದು ಸೆಕೆಂಡೂ ಸ್ಟಾರ್ಟ್ ಮಾಡಬೇಡ. ಇದಕ್ಕೆ ರೇಡಿಯೇಟರ್ ಇಲ್ಲ. ಹೊಳೆಯ ನೀರನ್ನೇ ಕೆಳಗಿನಿಂದ ಎಳೆದು ಮೈ ತಣ್ಣಗೆ ಮಾಡಿಕೊಳ್ಳುತ್ತದೆ. ಆ ನೀರೆಳೆಯುವ ರಬ್ಬರ್ ಚಕ್ರ ಒಣಗಿ ತಿರುಗಿದರೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಹಾಗಾಗಿ 200 ಲೀಟರಿನ ಡ್ರಮ್ಮೊಂದನ್ನು ತಂದು, ಬಾಯಿ ಕತ್ತರಿಸಿ, ನೀರು ತುಂಬಿಸಿ, ಹಲಗೆಯ ಸ್ಟ್ಯಾಂಡಿಗೆ ಮೋಟರು ಬಿಗಿದು ಕೆಳಭಾಗವನ್ನು ಅದರಲ್ಲಿ ಮುಳುಗಿಸಿದೆ. ಪ್ರೊಪೆಲ್ಲರಿನ ಮೇಲಿರುವ ಅಗಲ ತಟ್ಟೆ ನೀರೊಳಗೆ ಇರಬೇಕು, ಅದು ಗುರುತು.

ಮೊದಲ ದಿನ ಹಗ್ಗ ಎಳೆದೆ, ಎಳೆದೆ, ಎಳೆದೆ. ನಲವತ್ತು ಸಲ ಆಗಿರಬೇಕು. ಹ್ಞೂಂ ಅನ್ನಲಿಲ್ಲ. ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಭಾಗವನ್ನು ಇಂಜಿನ್ ಮೈಗೆ ತಾಗಿಸಿ ಹಗ್ಗ ಎಳೆಸಿದೆ. ಕಿಡಿ ಇಲ್ಲ. ಎರಡರಲ್ಲೂ ಇಲ್ಲ. ಕರೆಂಟಿನವನು ನೋಡಿ, ಖುಷಿಯಾಯಿತು. ಇದು ನನ್ನ ಇಲಾಖೆ! ಮೀಟರ್ ತಂದು ಕಿಡಿಗೆ ಕರೆಂಟು ಕೊಡುವ ಕಾಯಿಲ್ ಅಳೆದೆ. ವೈರುಗಳನ್ನೆಲ್ಲ ಬಿಚ್ಚಿ ಹರಡಿದೆ. ಎರಡು ಸಂಜೆ ಹೋಯಿತು. ಕೊನೆಗೆ ಮಲ್ಪೆಗೆ ಫೋನ್ ಮಾಡಿದೆ. ಅವರು ಕೇಳಿದ್ದು, "ಕೆಂಪು ದಾರದ ಕ್ಲಿಪ್ ಹಾಕಿದ್ದೀಯಾ?"

ಯಾವ ಕ್ಲಿಪ್? ಯಾವ ದಾರ?

ಸ್ಟಾಪ್ ಬಟನ್ನಿನ ಹಿಂದೆ ಒಂದು ಪ್ಲಾಸ್ಟಿಕ್ ಕ್ಲಿಪ್ ಕೂರಬೇಕು. ಅದರ ದಾರದ ಇನ್ನೊಂದು ತುದಿ ಓಡಿಸುವವನ ಕೈಗೋ ಸೊಂಟಕ್ಕೋ ಕಟ್ಟಿರಬೇಕು. ಅವನು ನೀರಿಗೆ ಬಿದ್ದರೆ ಕ್ಲಿಪ್ ಕಿತ್ತುಬಂದು ಮೋಟರು ನಿಲ್ಲುತ್ತದೆ. ಕ್ಲಿಪ್ ಇಲ್ಲದಿದ್ದರೆ ಕಿಡಿಯ ಕರೆಂಟು ಸೀದಾ ಅರ್ತ್ ಆಗಿಬಿಡುತ್ತದೆ. ನಮ್ಮದು ಶೆಡ್ಡಿನಲ್ಲೇ ಕಳೆದುಹೋಗಿತ್ತು. ಪೆನ್ನಿನ ಮುಚ್ಚಳ ಸೀಳಿ ಬಟನ್ನಿನ ಹಿಂದೆ ತುರುಕಿ ಎಳೆಸಿದೆ. ನೀಲಿ ಕಿಡಿ ಚಟಚಟ ಅಂದಿತು. ದೋಣಿಗೆ ಕಟ್ಟುವ ಮೊದಲು ಸರಿಯಾದ ಕ್ಲಿಪ್ ತರಿಸಿದೆ ಅನ್ನಿ. ಪೆನ್ನಿನ ಮುಚ್ಚಳ ನೀರಿಗೆ ಬಿದ್ದವನನ್ನು ಕಾಯುವುದಿಲ್ಲ.

ಕಿಡಿ ಬಂತು, ಆದರೂ ಇಂಜಿನ್ ಬರೀ ಕೆಮ್ಮುತ್ತಿತ್ತು. ಊರಿನ ಬೈಕ್ ಮೆಕ್ಯಾನಿಕ್‌ಗಳು ಕೈ ಮುಗಿದರು. ಈಗಿನ ಹುಡುಗರಿಗೆ ಟೂ ಸ್ಟ್ರೋಕ್ ಅಂದರೆ ಅಜ್ಜನ ಕಾಲದ ಮಾತು. ನನಗೆ ದಾರಿ ತೋರಿಸಿದ್ದು ಗಂಗಾವತಿಯಲ್ಲಿ ಸ್ಪ್ರೇಯರ್ ಪಂಪು ರಿಪೇರಿ ಮಾಡುವವನು. ಭತ್ತಕ್ಕೆ ಔಷಧಿ ಹೊಡೆಯಲು ಬೆನ್ನಿಗೆ ಹಾಕಿಕೊಳ್ಳುವ ಪಂಪುಗಳಲ್ಲಿ ಬಹಳಷ್ಟು ಟೂ ಸ್ಟ್ರೋಕೇ ಅಲ್ವಾ. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕುವುದು, ಹಳೆ ಪೆಟ್ರೋಲು ಅಂಟಾಗಿ ಕಾರ್ಬೊರೇಟರ್ ಕಟ್ಟುವುದು, ಎಲ್ಲ ಅದೇ ರಗಳೆ. ದೋಣಿಯ ಮೋಟರು ಅವನು ಜೀವನದಲ್ಲಿ ನೋಡಿರಲಿಲ್ಲ. ಎರಡು ಸುತ್ತು ಹಾಕಿ, "ಇದೂ ಪಂಪೇ ಬಿಡ್ರಿ, ಬಾಯಿ ಕೆಳಗೈತಿ" ಅಂದ.

ಅವನು ಮೊದಲು ಮಾಡಿದ್ದು ಪ್ಲಗ್ ಬಿಚ್ಚಿ ಆ ತೂತಿಗೆ ಹೆಬ್ಬೆರಳು ಒತ್ತಿ ಹಗ್ಗ ಎಳೆಸಿದ್ದು. ಬೆರಳು ಟಪ್ಪನೆ ಹಾರಿತು. ಎರಡೂ ಸಿಲಿಂಡರಿನಲ್ಲಿ ಹಾಗೇ ಆಯಿತು. "ಎದಿ ಗಟ್ಟಿ ಐತಿ, ರೊಕ್ಕ ಹಾಕಬಹುದು" ಎಂದ. ನಾನು 18,000 ಕೊಡುವ ಮೊದಲು ಮಾಡಬೇಕಿದ್ದ ಪರೀಕ್ಷೆ ಅದು. ಆಮೇಲೆ ಕಾರ್ಬೊರೇಟರ್. ಕೆಳಗಿನ ಬಟ್ಟಲು ತೆಗೆದರೆ ಆರು ವರ್ಷದ ಪೆಟ್ರೋಲು ಬೆಲ್ಲದ ಪಾಕದ ಹಾಗೆ ಅಂಟಿಕೊಂಡಿತ್ತು. ಹಳೆ ವಾರ್ನಿಶ್ ವಾಸನೆ. ಪೆಟ್ರೋಲು ಹಾಯುವ ಹಿತ್ತಾಳೆಯ ಜೆಟ್ಟಿನ ತೂತು ಪೂರ್ತಿ ಮುಚ್ಚಿತ್ತು. ನಾನು ಪಿನ್ನು ಕೈಗೆ ತೆಗೆದುಕೊಂಡೆ. ಅವನು ಕೈ ಮೇಲೆ ಹೊಡೆದ. ಹಿತ್ತಾಳೆ ಮೆತ್ತಗೆ, ಪಿನ್ನು ಆಡಿಸಿದರೆ ತೂತು ದೊಡ್ಡದಾಗುತ್ತದೆ, ಆಮೇಲೆ ಪೆಟ್ರೋಲು ಜಾಸ್ತಿ ಕುಡಿಯುತ್ತದೆ. ಕ್ಲೀನರ್ ಸ್ಪ್ರೇ ಹೊಡೆದು ರಾತ್ರಿಯೆಲ್ಲ ನೆನೆಹಾಕಿ, ಬೆಳಗ್ಗೆ ಗಾಳಿ ಊದಿ, ಬೆಳಕಿಗೆ ಹಿಡಿದರೆ ತೂತು ಸೂಜಿ ಮೊನೆಯ ಹಾಗೆ ಕಂಡಿತು. ಹಳೆ ರಬ್ಬರ್ ಪೈಪನ್ನೂ ಬದಲಿಸಿದೆವು. ಈಗಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್‌ವರೆಗೂ ಎಥನಾಲ್ ಇರುತ್ತದೆ, ಹಳೆ ಕಾಲದ ರಬ್ಬರಿಗೆ ಅದು ಆಗಿಬರುವುದಿಲ್ಲ. ಹೊಸ ಪೆಟ್ರೋಲಿಗೆ 50ಕ್ಕೆ 1ರ ಲೆಕ್ಕದಲ್ಲಿ ಆಯಿಲ್ ಬೆರೆಸಿದೆವು. ಅಂದರೆ 5 ಲೀಟರಿಗೆ 100 ಎಂಎಲ್.

ಆರನೇ ಎಳೆತಕ್ಕೆ ಬುರ್ರೆಂದಿತು. ಓಣಿ ತುಂಬ ಬಿಳಿ ಹೊಗೆ. ಅಪ್ಪನ ಲೂನಾದ ವಾಸನೆ.

ಮೂವತ್ತು ಸೆಕೆಂಡಿಗೆ ನಾನೇ ಆಫ್ ಮಾಡಿದೆ. ಹಿಂದಿನ ಸಣ್ಣ ತೂತಿನಿಂದ ನೀರು ಚಿಮ್ಮಬೇಕು, ಒಂದು ಹನಿಯೂ ಬರಲಿಲ್ಲ. ತೂತಿಗೆ ನೈಲಾನ್ ದಾರ ತೂರಿಸಿದಾಗ ಒಂದಿಷ್ಟು ಉಪ್ಪಿನ ಪುಡಿ ಬಂತು, ನೀರು ಬರಲಿಲ್ಲ. ಹಾಗಾದರೆ ಕೆಳಗಿನ ರಬ್ಬರ್ ಚಕ್ರವೇ, ಅಂದರೆ ಇಂಪೆಲ್ಲರ್. ಅದನ್ನು ನೋಡಬೇಕೆಂದರೆ ಇಡೀ ಕೆಳಭಾಗ ಇಳಿಸಬೇಕು.

ಇಡೀ ಕೆಲಸದಲ್ಲಿ ಕಷ್ಟ ಅಂದರೆ ಅದೊಂದೇ. ಸಮುದ್ರದಲ್ಲಿ ದುಡಿದ ಮೋಟರು. ಬೋಲ್ಟುಗಳು ಉಪ್ಪು ತಿಂದು ಅಲ್ಯೂಮಿನಿಯಮ್ಮಿಗೆ ಬೆಸುಗೆ ಹಾಕಿದ ಹಾಗೆ ಕೂತಿದ್ದವು. ನಾಲ್ಕು ದಿನ ತುಕ್ಕು ಬಿಡಿಸುವ ಎಣ್ಣೆ ಬಿಟ್ಟೆ. ಪೆಟ್ರೋಲ್ ಟ್ಯಾಂಕನ್ನು ದೂರ ಇಟ್ಟು ಬ್ಲೋ ಲ್ಯಾಂಪಿನಿಂದ ಬಿಸಿ ಕೊಟ್ಟೆ. ಮೂರು ಬಂದವು, ಒಂದು ಕತ್ತು ಮುರಿದುಕೊಂಡಿತು. ಅದನ್ನು ಲೇತ್ ಅಂಗಡಿಯಲ್ಲಿ ಕೊರೆಸಿ ಹೊಸ ಥ್ರೆಡ್ ಹಾಕಿಸಿದೆ. ಒಳಗೆ ನೋಡಿದರೆ ಆರು ರೆಕ್ಕೆಯ ಚಕ್ರದಲ್ಲಿ ನಾಲ್ಕೇ ರೆಕ್ಕೆ. ಉಳಿದೆರಡು ಎಲ್ಲಿ? ಹೊಸ ಚಕ್ರ ಹಾಕಿ ಮುಚ್ಚಿಬಿಡುತ್ತಿದ್ದೆ, ಮಲ್ಪೆಯವರು ಫೋನಿನಲ್ಲೇ ಗದರಿದರು. ಮುರಿದ ಚೂರು ನೀರಿನ ದಾರಿಯಲ್ಲಿ ಸಿಕ್ಕಿಕೊಂಡಿರುತ್ತದೆ, ಹುಡುಕಿ ತೆಗೆ. ಸಿಕ್ಕಿದವು, ಮೇಲಿನ ನೀರಿನ ಪೈಪಿನ ಬಾಯಲ್ಲೇ. ಹೊಸ ಚಕ್ರಕ್ಕೆ ಸೋಪಿನ ನೀರು ಸವರಿ, ಶಾಫ್ಟು ತಿರುಗುವ ದಿಕ್ಕಿಗೇ ತಿರುಗಿಸುತ್ತ ಒಳಗೆ ಕೂರಿಸಿದೆ. ರೆಕ್ಕೆಗಳೆಲ್ಲ ಒಂದೇ ಕಡೆ ಬಾಗಿ ಕೂತವು. ಎಲ್ಲ ಬಿಗಿದು ಕೈ ತೊಳೆದ ಮೇಲೆ ಗೊತ್ತಾಯಿತು, ಗೇರಿನ ಕಡ್ಡಿ ಜೋಡಿಸೋದು ಮರೆತಿದ್ದೆ. ಮತ್ತೆ ಇಳಿಸಿದೆ. ಈ ಸಲ ಬೋಲ್ಟಿಗೆ ಗ್ರೀಸ್ ಸವರಿದ್ದರಿಂದ ಹತ್ತು ನಿಮಿಷದ ಕೆಲಸ.

ನೀರು ಚಿಮ್ಮಿತು. ದೋಣಿಗೆ ಕಟ್ಟಿದೆವು. ಆಮೇಲೆ ಶುರುವಾಯಿತು ಈ ನಾಲ್ಕು ನಿಮಿಷದ ಕಾಟ.

ಡ್ರಮ್ಮಿನಲ್ಲಿ ಅರ್ಧ ಗಂಟೆ ಓಡುವ ಮೋಟರು ನೀರಿಗಿಳಿದರೆ ನಾಲ್ಕು ನಿಮಿಷ. ನಿಂತ ಮೇಲೆ ಟ್ಯಾಂಕಿನ ಮುಚ್ಚಳ ತೆಗೆದು ಪೆಟ್ರೋಲು ಇದೆಯಾ ಅಂತ ನೋಡುತ್ತಿದ್ದೆ. ಇರುತ್ತಿತ್ತು. ಮುಚ್ಚಿ, ಟ್ಯಾಂಕಿನಿಂದ ಪೆಟ್ರೋಲು ಎತ್ತಲು ಪೈಪಿನಲ್ಲಿರುವ ರಬ್ಬರ್ ಗುಂಡನ್ನು ಹಿಂಡಿ ಎಳೆದರೆ ಸ್ಟಾರ್ಟ್. ಮತ್ತೆ ನಾಲ್ಕು ನಿಮಿಷ. ಎರಡನೇ ಸಲ ನಿಂತಾಗ ಗೆಳೆಯ ಹುಟ್ಟು ಹಿಡಿದುಬಿಡುತ್ತಿದ್ದ, ಅವನಿಗೆ ತಾಳ್ಮೆ ಕಮ್ಮಿ. ನಾನು ಕಾರ್ಬೊರೇಟರ್ ಮೂರು ಸಲ ಬಿಚ್ಚಿದೆ. ಎರಡು ಹೊಸ ಪ್ಲಗ್ ಹಾಕಿದೆ. ಬಿಸಿಯಾದರೆ ಕಾಯಿಲ್ ಕೈಕೊಡುತ್ತಿರಬೇಕು ಎಂದುಕೊಂಡು ಇನ್ನೊಂದು ಕಾಯಿಲಿಗೂ ಬೆಲೆ ವಿಚಾರಿಸಿದೆ.

ನಾಲ್ಕನೇ ಸಲ ನಿಂತಾಗ ಮುಚ್ಚಳಕ್ಕೆ ಕೈ ಹಾಕುವ ಮೊದಲು ಕಾಲಿಗೆ ಆ ರಬ್ಬರ್ ಗುಂಡು ತಾಗಿತು. ಚಪ್ಪಟೆಯಾಗಿತ್ತು. ಒಣಗಿದ ಅಂಜೂರದ ಹಾಗೆ ಒಳಗೆ ಮಡಚಿಕೊಂಡಿತ್ತು. ಮುಚ್ಚಳ ತಿರುಗಿಸಿದೆ. ಸುಸ್ಸೆಂದು ಗಾಳಿ ಒಳಗೆ ನುಗ್ಗಿತು, ಗುಂಡು ಉಬ್ಬಿತು. ಮೂರು ಸಲವೂ ಆ ಸದ್ದು ಆಗಿತ್ತು. ನಾನು ಕೇಳಿಸಿಕೊಂಡಿರಲಿಲ್ಲ.

ಟ್ಯಾಂಕಿನಿಂದ ಪೆಟ್ರೋಲು ಹೊರಗೆ ಹೋಗಬೇಕಾದರೆ ಅಷ್ಟೇ ಗಾಳಿ ಒಳಗೆ ಬರಬೇಕು. ಅದಕ್ಕಾಗಿ ಮುಚ್ಚಳದ ಮೇಲೆ ಒಂದು ಸಣ್ಣ ತಿರುಪು ಇರುತ್ತದೆ. ಅದನ್ನು ಪ್ರತಿ ಸಲ ಸಡಿಲ ಮಾಡುತ್ತಿದ್ದೆ, ಮಲ್ಪೆಯವರು ಹೇಳಿದ್ದರು. ಆದರೆ ತಿರುಪಿನ ಕೆಳಗಿನ ತೂತಿಗೆ ಕುಂಬಾರ ಹುಳ ಮಣ್ಣು ಮೆತ್ತಿತ್ತು! ಬಾಗಿಲ ಸಂದಿಯಲ್ಲಿ, ಸ್ವಿಚ್ ಬೋರ್ಡಿನ ತೂತಿನಲ್ಲಿ ಮಣ್ಣಿನ ಗೂಡು ಕಟ್ಟುತ್ತದಲ್ಲ, ಅದೇ ಹುಳ. ಸ್ವಿಚ್ ಬೋರ್ಡಿನಿಂದ ಅದನ್ನು ಕೆರೆದು ತೆಗೆಯುವುದು ನನ್ನ ದಿನದ ಕೆಲಸ. ಗಾಳಿ ಬಾರದೆ ಟ್ಯಾಂಕು ಒಳಗೊಳಗೆ ಹೀರಿಕೊಂಡು, ಕೊನೆಗೆ ಪೆಟ್ರೋಲು ಬಿಟ್ಟುಕೊಡುತ್ತಿರಲಿಲ್ಲ. ಡ್ರಮ್ಮಿನಲ್ಲಿ ಯಾಕೆ ಓಡಿತು? ಅಲ್ಲಿ ಆಗಾಗ ಪೆಟ್ರೋಲು ಸುರಿಯಲು ಫನೆಲ್ ಇಟ್ಟು ಮುಚ್ಚಳ ತೆಗೆದೇ ಇಟ್ಟಿರುತ್ತಿದ್ದೆ. ನೀರಿನ ಮೇಲೆ ನಿಂತಾಗಲೆಲ್ಲ ಪೆಟ್ರೋಲು ಇದೆಯಾ ಅಂತ ಮುಚ್ಚಳ ತೆಗೆದು ನೋಡುತ್ತಿದ್ದೆನಲ್ಲ, ಆ ನೋಡುವುದೇ ಔಷಧಿ ಆಗುತ್ತಿತ್ತು. ರೋಗ ಮಾತ್ರ ಕಾಣುತ್ತಿರಲಿಲ್ಲ. ಗೆಳೆಯನ ಗಾಳದ ಮೊನೆಯಿಂದ ಮಣ್ಣು ಕೆರೆದೆ. ಖರ್ಚು ಸೊನ್ನೆ.

ಆಮೇಲೆ ಒಂದು ಸಣ್ಣ ತೊಂದರೆ ಉಳಿದಿತ್ತು, ಜೋರು ಮಾಡಿದರೆ ಕುಂಟುತ್ತಿತ್ತು. ಒಂದು ಸಿಲಿಂಡರಿನ ಪ್ಲಗ್ ಕ್ಯಾಪಿನೊಳಗೆ ಹಸಿರು ಕಿಲುಬು ಹಿಡಿದಿತ್ತು. ವೈರು ಒಂದು ಸೆಂಟಿಮೀಟರ್ ಕತ್ತರಿಸಿ ಮತ್ತೆ ತಿರುಪಿದೆ, ಸರಿಹೋಯಿತು. ಕೊನೆಗೂ ಒಂದು ಕರೆಂಟಿನ ಕೆಲಸ ಸಿಕ್ಕಿತು.

ಈಗ ಬೆಳಗ್ಗೆ ಗಾಳಿ ಏಳುವ ಮೊದಲು ಹೋಗಿ ಬಲೆ ಎತ್ತಿಕೊಂಡು ಬರುತ್ತೇವೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮೋಟರನ್ನು ಅರ್ಧ ಎತ್ತಿಯೇ ಓಡಿಸಬೇಕು, ಕೆಳಗೆ ಕಲ್ಲು ಎಲ್ಲಿದೆ ಗೊತ್ತಾಗುವುದಿಲ್ಲ. ಮನೆಗೆ ಬಂದ ಮೇಲೆ ಟ್ಯಾಂಕಿನ ಮುಚ್ಚಳಕ್ಕೆ ಒಂದು ಬಟ್ಟೆ ಕಟ್ಟುತ್ತೇನೆ, ಹುಳಕ್ಕೆ.

ಹೋದ ವಾರ ಗೇರ್ ಆಯಿಲ್ ಇಳಿಸಿದೆ. ಹಾಲು ಜಾಸ್ತಿಯಾದ ಚಹಾದ ಬಣ್ಣ. ಒಳಗೆ ನೀರು ಹೋಗಿದೆ ಅಂತ ಅರ್ಥ. ಪ್ರೊಪೆಲ್ಲರ್ ಬಿಚ್ಚಿದರೆ ಹಿಂದುಗಡೆ ಬಲೆಯ ದಾರ ಬಿಗಿಯಾಗಿ ಸುತ್ತಿಕೊಂಡು ಸೀಲ್ ಕೊಯ್ದಿತ್ತು. ಯಾರ ಬಲೆ ಅಂತ ಗೆಳೆಯ ದಾರ ನೋಡಿಯೇ ಗುರುತಿಸಿದ. ನಮ್ಮದೇ. ಸೀಲ್ ಮಲ್ಪೆಯಿಂದ ಬಸ್ಸಿಗೆ ಹಾಕಿದ್ದಾರಂತೆ. ಅಲ್ಲಿಯವರೆಗೆ ಹುಟ್ಟು.