ಸ್ಪ್ರಿಂಗ್ ಏರ್ ರೈಫಲ್‌ಗೆ ಕಡಿಮೆ ಖರ್ಚಿನ ಸ್ಕೋಪ್
ಚಿಕ್ಕಮಗಳೂರು ಕಡೆ ತೋಟದಲ್ಲಿ ಗುರಿ ಅಭ್ಯಾಸಕ್ಕೆ ಏರ್ ರೈಫಲ್ ತಗೊಳ್ಳೋರು 0.177 ಇಂಚಿನ ಬೋರ್ (ನಳಿಗೆಯ ಒಳ ಅಗಲ), ಗುಂಡಿನ ಶಕ್ತಿ 20 ಜೂಲ್ ಒಳಗಿನದ್ದೇ ನೋಡಿ. ದಾಟಿದರೆ ಲೈಸೆನ್ಸ್ ಬೇಕು. ಮಂಗ, ನವಿಲಿನ ಕಡೆ ತಿರುಗಿಸಲೇಬೇಡಿ.

ಸ್ಪ್ರಿಂಗ್ ಗನ್ ಹಿಂದಕ್ಕೂ ಒದೆಯುತ್ತೆ, ಮುಂದಕ್ಕೂ ಒದೆಯುತ್ತೆ. ಮಾಮೂಲಿ ಸ್ಕೋಪಿನ (ಗುರಿ ನೋಡೋ ದುರ್ಬೀನು) ಒಳಗಿನ ಗಾಜು ಸಡಿಲವಾಗೋದು ಇದರಿಂದಲೇ. ಏರ್‌ಗನ್‌ಗೆಂದೇ ಮಾಡಿದ 3-9×40 (3ರಿಂದ 9 ಪಟ್ಟು ದೊಡ್ಡದಾಗಿ ತೋರಿಸೋ, ಮುಂದಿನ ಗಾಜು 40 ಮಿ.ಮೀ. ಇರೋದು) ಸಾಕು, ಆದರೆ ಪ್ಯಾರಲಾಕ್ಸ್ ರಿಂಗ್ (ಗುರಿಯ ದೂರಕ್ಕೆ ಸ್ಕೋಪ್ ಹೊಂದಿಸೋ ಬಳೆ) 10 ಗಜದವರೆಗೆ ಇಳಿಯಬೇಕು. 100 ಗಜಕ್ಕೆ ಕೂರಿಸಿದ್ದರಲ್ಲಿ ಹತ್ತಿರದ ಗುರಿ ಮಸುಕು.

ದುಡ್ಡು ಉಳಿಸಬಾರದ್ದು ಮೌಂಟಿನಲ್ಲಿ (ಸ್ಕೋಪನ್ನು ರೈಫಲ್‌ಗೆ ಹಿಡಿಸೋ ಹಿಡಿ): 11 ಮಿ.ಮೀ. ಡವ್‌ಟೇಲ್‌ಗೆ (ರೈಫಲ್ ಮೇಲಿನ ಗಾಡಿ ಕೊರೆದ ರೈಲು) ಒಂದೇ ತುಂಡಿನದು, ಜಾರದಂತೆ ತಡೆಯೋ ಸ್ಟಾಪ್ ಪಿನ್ ಸಮೇತ. ಪಿನ್ ಇಲ್ಲದಿದ್ದರೆ ಮೌಂಟ್ ಹಿಂದಕ್ಕೆ ಜಾರುತ್ತೆ. ರೈಲಿನ ಮೇಲೆ ಹೊಳೆಯೋ ಗೀರು ಕಂಡರೆ ಅದೇ. ಮೌಂಟಿನ ರಿಂಗ್ ಸ್ಕ್ರೂಗಳನ್ನು ಅಡ್ಡಡ್ಡವಾಗಿ, ಸ್ವಲ್ಪಸ್ವಲ್ಪವೇ ಬಿಗಿ ಮಾಡಿ. ಜಾಸ್ತಿ ಹಿಂಡಿದರೆ ಸ್ಕೋಪಿನ ಟ್ಯೂಬ್ ತಗ್ಗಾಗುತ್ತೆ.

ನಮ್ಮ ಮಳೆಗಾಲಕ್ಕೆ ಬ್ಯಾಗಿನಲ್ಲಿ ತೇವ ಹೀರೋ ಸಿಲಿಕಾ ಜೆಲ್ ಇರಲಿ.