ಚಿನ್ನದ ಗಣಿ ಷೇರು ಕೊಳ್ಳುವ ಮೊದಲು ಆ ಊರಿನವರ ಮಾತು ಕೇಳಿ

ಚಿನ್ನದ ರೇಟು ಏರಿದಾಗಲೆಲ್ಲ ಬೆಂಗಳೂರಿನ ಆಫೀಸುಗಳಲ್ಲಿ ಒಂದು ಮಾತು ಶುರುವಾಗುತ್ತದೆ. ಒಡವೆ ಯಾಕೆ, ಚಿನ್ನ ತೆಗೆಯುವ ಕಂಪನಿಯ ಷೇರನ್ನೇ ತಗೊಂಡರೆ ಆಯ್ತಲ್ವಾ? ಹಟ್ಟಿ ಗಣಿ ರಾಜ್ಯ ಸರ್ಕಾರದ್ದು, ಅದರ ಷೇರು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಹಾಗಾಗಿ ಕಣ್ಣು ಹೊರದೇಶದ ಸಣ್ಣ ಕಂಪನಿಗಳ ಮೇಲೆ ಬೀಳುತ್ತದೆ. ಗಣಿ ಇನ್ನೂ ಶುರುವಾಗಿರುವುದಿಲ್ಲ, ಆದರೆ ನೆಲದಡಿ ಇಷ್ಟು ಲಕ್ಷ ಔನ್ಸ್ ಚಿನ್ನ ಇದೆ, ಪರ್ಮಿಷನ್ ಸಿಕ್ಕ ದಿನ ಷೇರು ಎಲ್ಲಿಗೋ ಹೋಗುತ್ತೆ ಅಂತ ಯಾರೋ ವಾಟ್ಸಾಪ್‌ನಲ್ಲಿ ಹಾಕಿರುತ್ತಾರೆ. ಊರಿನವರು ಬೇಡ ಅನ್ನುತ್ತಿರುವ ಕಡೆ ಆ ಪರ್ಮಿಷನ್ ಸಿಗುತ್ತಾ ಇಲ್ವಾ ಅಂತ ನೀವೇ ಅಂದಾಜು ಮಾಡುವುದು ಹೇಗೆ ಅನ್ನುವುದಷ್ಟೇ ಇಲ್ಲಿಯ ವಿಷಯ.

ಕಂಪನಿಯ ಪ್ರೆಸೆಂಟೇಷನ್ ಪಕ್ಕಕ್ಕಿಡಿ. ಮ್ಯಾಪ್ ತೆರೆದು ಗಣಿ ಬರುವ ಜಾಗ ಹುಡುಕಿ, ಸ್ಯಾಟಲೈಟ್ ಚಿತ್ರ ಹಾಕಿಕೊಳ್ಳಿ. ನೀರು ಯಾವ ಕಡೆ ಹರಿಯುತ್ತದೆ, ಕೆಳಗೆ ಯಾರ ಗದ್ದೆ ತೋಟ ಇದೆ, ಯಾವ ಊರು ಆ ನೀರು ಕುಡಿಯುತ್ತದೆ ನೋಡಿ. ನನ್ನ ಪ್ರಕಾರ ಇಡೀ ಲೆಕ್ಕದಲ್ಲಿ ಇದೇ ಮುಖ್ಯ. ಕೆಲಸವೇ ಇಲ್ಲದ ಕಡೆ ಗಣಿಗೆ ವಿರೋಧ ಒಂದೆರಡು ವರ್ಷಕ್ಕೆ ತಣ್ಣಗಾಗಬಹುದು. ಬೆಳೆ, ಮೀನು, ನೀರು ನಂಬಿ ಬದುಕುವವರು ಮಾತ್ರ ಸುಸ್ತಾಗುವುದಿಲ್ಲ. ಪೆರು ದೇಶದ ತಂಬೋಗ್ರಾಂದೆ ಮಾವು, ನಿಂಬೆ ಬೆಳೆಯುವ ಊರು. 2002ರಲ್ಲಿ ಅಲ್ಲಿನ ಜನ ತಾವೇ ಮತದಾನ ನಡೆಸಿದರು. ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಮಂದಿ ಗಣಿ ಬೇಡ ಅಂದರು, ಯೋಜನೆ ಅಲ್ಲಿಗೆ ಬಿದ್ದುಹೋಯಿತು. ಮರುವರ್ಷ ಅರ್ಜೆಂಟೀನಾದ ಎಸ್ಕೆಲ್‌ನಲ್ಲೂ ಹೀಗೇ ಆಯಿತು, 81 ಪರ್ಸೆಂಟ್ ವಿರೋಧ.

ಅದೇ ಕಂಪನಿ ಅಥವಾ ಪಕ್ಕದ ಗಣಿ ಈ ಮೊದಲು ಹೇಗೆ ನಡೆದುಕೊಂಡಿದೆ ಅಂತಲೂ ಹುಡುಕಿ. ಪೆರುವಿನ ಕಾಹಮಾರ್ಕಾದಲ್ಲಿ ಯಾನಕೋಚಾ ಗಣಿಯ ಲಾರಿಯಿಂದ 2000ದಲ್ಲಿ ಪಾದರಸ ರಸ್ತೆಗೆ ಚೆಲ್ಲಿತು. ಏನೆಂದು ಗೊತ್ತಿಲ್ಲದ ಹಳ್ಳಿಯವರು, ಮಕ್ಕಳು, ಅದನ್ನು ಬರಿಗೈಯಲ್ಲಿ ಬಾಚಿ ಮನೆಗೆ ಒಯ್ದರು, ಎಷ್ಟೋ ಜನ ಹಾಸಿಗೆ ಹಿಡಿದರು. ಹತ್ತು ಹನ್ನೊಂದು ವರ್ಷ ಕಳೆದ ಮೇಲೆ ಅದೇ ಸೀಮೆಯಲ್ಲಿ ನಾಲ್ಕು ಕೆರೆಗಳನ್ನು ಖಾಲಿ ಮಾಡಿ ಕೊಂಗಾ ಗಣಿ ತೋಡುತ್ತೇವೆ, ಬದಲಿಗೆ ಜಲಾಶಯ ಕಟ್ಟಿಕೊಡುತ್ತೇವೆ ಅಂದರೆ ಯಾರು ನಂಬುತ್ತಾರೆ? 480 ಕೋಟಿ ಡಾಲರಿನ ಯೋಜನೆ 2011ರ ಕೊನೆಗೆ ನಿಂತಿತು, ಮತ್ತೆ ಏಳಲಿಲ್ಲ. ಮರುವರ್ಷದ ಪ್ರತಿಭಟನೆಯಲ್ಲಿ ಐದು ಜೀವ ಹೋದವು. ಈ ಸಾವುಗಳನ್ನು ಬರೀ ‘ರಿಸ್ಕ್’ ಅಂತ ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗುವ ವರದಿಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ. ತೆರೆದ ಗಣಿಗಳಲ್ಲಿ ಒಂದು ಟನ್ ಅದಿರಿಗೆ ಒಂದು, ಒಂದೂವರೆ ಗ್ರಾಂ ಚಿನ್ನ ಸಿಗುವುದು ಮಾಮೂಲು. ಅಂದರೆ ಹತ್ತು ಗ್ರಾಂ ಸರಕ್ಕೆ ಏಳರಿಂದ ಹತ್ತು ಟನ್ ಕಲ್ಲು ಪುಡಿ ಮಾಡಿ ಸೈನೈಡ್ ನೀರಿನಲ್ಲಿ ತೊಳೆಯಬೇಕು. ಆಮೇಲೆ ಆ ಪುಡಿ ಎಲ್ಲಿಗೆ ಹೋಗುತ್ತದೆ? ಉತ್ತರ ಬೇಕಿದ್ದರೆ ಒಂದು ಭಾನುವಾರ ಕೆಜಿಎಫ್‌ಗೆ ಹೋಗಿ ಬನ್ನಿ, ಬೆಂಗಳೂರಿನಿಂದ ಸುಮಾರು ನೂರು ಕಿಲೋಮೀಟರ್. ಗಣಿ ಮುಚ್ಚಿದ್ದು 2001ರ ಫೆಬ್ರವರಿಯಲ್ಲಿ. ಸೈನೈಡ್ ಗುಡ್ಡಗಳು ಇನ್ನೂ ಅಲ್ಲೇ ಇವೆ, ಗಾಳಿ ಎದ್ದರೆ ಅದರ ಧೂಳು ಮನೆಗಳ ಮೇಲೆ ಬೀಳುತ್ತದೆ. ಹೊಸ ಗಣಿಯ ಕಂಪನಿ ಈ ಪುಡಿಯನ್ನು ಎಲ್ಲಿ ಇಡುತ್ತದೆ, ಗಣಿ ಮುಚ್ಚಿದ ಮೇಲೆ ನೋಡಿಕೊಳ್ಳಲು ಎಷ್ಟು ದುಡ್ಡು ಠೇವಣಿ ಇಟ್ಟಿದೆ ಅಂತ ವರದಿಯಲ್ಲಿ ಹುಡುಕಿ. ಸರಿಯಾದ ಉತ್ತರ ಇಲ್ಲದಿದ್ದರೆ ಮುಂದೆ ಓದುವ ಅಗತ್ಯವಿಲ್ಲ.

ಈಗ ಲೆಕ್ಕಪತ್ರ. ಕಂಪನಿಗೆ ಇರುವುದು ಇದೊಂದೇ ಗಣಿಯಾ? ಬ್ಯಾಂಕಿನಲ್ಲಿರುವ ದುಡ್ಡು ಎಷ್ಟು ತಿಂಗಳಿಗೆ ಸಾಕು? ಗಣಿ ತಡವಾದಷ್ಟೂ ಹೊಸ ಷೇರು ಮಾರಿ ಸಂಬಳ ಕೊಡುತ್ತಾರೆ, ನಿಮ್ಮ ಪಾಲು ಸುಮ್ನೆ ಕರಗುತ್ತಾ ಹೋಗುತ್ತದೆ. ಐದು ವರ್ಷದ ಹಿಂದೆ ಒಟ್ಟು ಷೇರು ಎಷ್ಟಿತ್ತು, ಈಗ ಎಷ್ಟಿದೆ ಅಂತ ಪಕ್ಕಪಕ್ಕ ಬರೆದು ನೋಡಿ. ದೊಡ್ಡ ಪಾಲುದಾರರು ಕೈಬಿಟ್ಟಿದ್ದಾರಾ ಅಂತಲೂ ನೋಡಿ. ಅಲಾಸ್ಕಾದ ಪೆಬಲ್ ತಾಮ್ರ ಮತ್ತು ಚಿನ್ನದ ಯೋಜನೆಯಿಂದ ಆಂಗ್ಲೋ ಅಮೆರಿಕನ್ 2013ರಲ್ಲಿ ಹೊರಬಂತು. ಮರುವರ್ಷ ರಿಯೋ ಟಿಂಟೋ ತನ್ನ ಷೇರುಗಳನ್ನು ದಾನವಾಗಿಯೇ ಕೊಟ್ಟುಬಿಟ್ಟಿತು. ಸಾಲ್ಮನ್ ಮೀನಿನ ನದಿಗಳನ್ನು ಉಳಿಸಲು ಅಮೆರಿಕ ಸರ್ಕಾರದ ಪರಿಸರ ಸಂಸ್ಥೆ 2023ರಲ್ಲಿ ಅಡ್ಡಗಾಲು ಹಾಕಿತು. ಹತ್ತು ವರ್ಷ ಮೊದಲೇ ಸುಳಿವು ಸಿಕ್ಕಿತ್ತು ನೋಡಿ.

ಊರಿನವರು ಬೇಡ ಅಂದರೂ ಕೋರ್ಟಿನಲ್ಲಿ ಪರಿಹಾರ ಬರುತ್ತೆ ಅನ್ನುವವರಿಗೆ ರೊಮೇನಿಯಾದ ರೋಶಿಯಾ ಮೊಂಟಾನಾ ಕಥೆ ಹೇಳಿ. ಸುಮಾರು 300 ಟನ್ ಚಿನ್ನದ ಯೋಜನೆ ಅದು, ಕೆನಡಾದ ಗೇಬ್ರಿಯಲ್ ರಿಸೋರ್ಸಸ್ 1990ರ ದಶಕದಲ್ಲೇ ಕೈಹಾಕಿತ್ತು. ಕೆಲವು ಮನೆಯವರು ಎಷ್ಟು ಕೊಟ್ಟರೂ ಜಮೀನು ಮಾರಲಿಲ್ಲ. 2013ರಲ್ಲಿ ದೇಶದ ದೊಡ್ಡ ಊರುಗಳಲ್ಲೆಲ್ಲ ಸಾವಿರಾರು ಜನ ಬೀದಿಗಿಳಿದರು, ಗಣಿಗೆ ದಾರಿ ಮಾಡಿಕೊಡುವ ಮಸೂದೆಯನ್ನು ಮರುವರ್ಷ ಸಂಸತ್ತು ತಳ್ಳಿಹಾಕಿತು. ಕಂಪನಿ 2015ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿಗೆ ಹೋಗಿ ನೂರಾರು ಕೋಟಿ ಡಾಲರ್ ಕೇಳಿತು. 2021ರಲ್ಲಿ ಆ ಜಾಗ ಯುನೆಸ್ಕೋ ಪಟ್ಟಿ ಸೇರಿತು. 2024ರ ಮಾರ್ಚ್‌ನಲ್ಲಿ ತೀರ್ಪು ಬಂತು: ಪರಿಹಾರ ಒಂದು ಪೈಸೆಯೂ ಇಲ್ಲ, ರೊಮೇನಿಯಾದ ಕೇಸಿನ ಖರ್ಚನ್ನೂ ಕಂಪನಿಯೇ ಕೊಡಬೇಕು. ಷೇರು ನೆಲಕಚ್ಚಿತು.

ನಮ್ಮ ದೇಶದ ಯೋಜನೆ ಆದರೆ ನಿಮಗೆ ಒಂದು ಅನುಕೂಲ ಇದೆ. 2006ರ ಪರಿಸರ ಅಧಿಸೂಚನೆ ಪ್ರಕಾರ ದೊಡ್ಡ ಗಣಿಗೆ ಮೊದಲು ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಕನಿಷ್ಠ 30 ದಿನ ಮುಂಚೆ ನೋಟಿಸ್, ಪರಿಸರ ಪರಿಣಾಮ ವರದಿಯ ಸಾರಾಂಶ ಅಲ್ಲಿನ ಭಾಷೆಯಲ್ಲಿ (ಕರ್ನಾಟಕದಲ್ಲಾದರೆ ಕನ್ನಡದಲ್ಲಿ), ಸಭೆಯಲ್ಲಿ ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಇನ್ನೊಬ್ಬ ಅಧಿಕಾರಿ ಇರುತ್ತಾರೆ. ಆ ಸಭೆಯ ನಡಾವಳಿ ಮಾಲಿನ್ಯ ನಿಯಂತ್ರಣ ಮಂಡಳಿಯ ವೆಬ್‌ಸೈಟಿನಲ್ಲಿ ಅಥವಾ ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ಪೋರ್ಟಲ್‌ನಲ್ಲಿ ಹುಡುಕಿ, ಪೂರ್ತಿ ಓದಿ. ನಮ್ಮ ಬೋರ್‌ವೆಲ್ ಬತ್ತಿದರೆ ಯಾರು ಹೊಣೆ ಅಂತ ರೈತ ಕೇಳಿರುತ್ತಾನೆ. ಎದುರಿಗೆ ಕಂಪನಿಯ ಉತ್ತರ ‘ನಿಯಮದಂತೆ ಕ್ರಮ ಕೈಗೊಳ್ಳಲಾಗುವುದು’ ಅಂತಷ್ಟೇ ಇದ್ದರೆ ಅದು ಉತ್ತರವೇ ಅಲ್ಲ.

ನಮ್ಮಲ್ಲೂ ಜನ ಗೆದ್ದಿದ್ದಾರೆ. ಗದಗ ಜಿಲ್ಲೆಯಲ್ಲಿ 2011ರಲ್ಲಿ ರೈತರು, ಮಠದ ಸ್ವಾಮೀಜಿ ಒಟ್ಟಿಗೆ ನಿಂತಾಗ ಕೊರಿಯಾದ ಪೋಸ್ಕೋ ಕಂಪನಿಯ ಉಕ್ಕಿನ ಕಾರ್ಖಾನೆಗೆ ಜಮೀನು ಪಡೆಯುವುದನ್ನು ಸರ್ಕಾರ ನಿಲ್ಲಿಸಿತು. ಚಿನ್ನಕ್ಕಾಗಿ ಕಣ್ಣಿಟ್ಟಿದ್ದ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮವಾಯಿತು. ಒಡಿಶಾದ ನಿಯಮಗಿರಿಯಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಬಾಕ್ಸೈಟ್ ಗಣಿ ಬೇಕೋ ಬೇಡವೋ ಅನ್ನುವ ತೀರ್ಮಾನವನ್ನು ಗ್ರಾಮಸಭೆಗಳಿಗೆ ಬಿಟ್ಟಿತು, ಹನ್ನೆರಡಕ್ಕೆ ಹನ್ನೆರಡೂ ಬೇಡ ಅಂದವು. ಸರ್ಕಾರ ಕಂಪನಿ ಪರ ಇದೆ, ಹಾಗಾಗಿ ಆಗೇ ಆಗುತ್ತೆ ಅನ್ನುವ ಮಾತಿಗೆ ಬೆಲೆ ಕೊಡಬೇಡಿ.

ಈಗಾಗಲೇ ಷೇರು ಇದ್ದರೆ? ಭಾರತದ ಕಂಪನಿಯಾದರೆ ವಾರ್ಷಿಕ ಸಭೆಗೆ ಮನೆಯಿಂದಲೇ ವಿಡಿಯೋದಲ್ಲಿ ಸೇರುವ ಅವಕಾಶ ಸಾಮಾನ್ಯವಾಗಿ ಇರುತ್ತದೆ. ಮಾತಾಡಲು ಮೊದಲೇ ಹೆಸರು ನೋಂದಾಯಿಸಿ. ಎಷ್ಟು ಕುಟುಂಬಗಳು ಜಮೀನು ಕೊಡಲು ಒಪ್ಪಿವೆ, ಎಷ್ಟು ಒಪ್ಪಿಲ್ಲ, ಯಾವ ಕೇಸು ಯಾವ ಹಂತದಲ್ಲಿದೆ ಅಂತ ನೇರವಾಗಿ ಕೇಳಿ. ಅಂಕಿ ಸಮೇತ ಉತ್ತರ ಬರದಿದ್ದರೆ, ಇನ್ನೂ ಕೊಳ್ಳುವವರು ಇರುವಾಗಲೇ ಮಾರಿ ಹೊರಗೆ ಬನ್ನಿ.