ಎದೆಯಲ್ಲಿ ಪೇಸ್‌ಮೇಕರ್ ಅಥವಾ ಐಸಿಡಿ ಇರುವ ಹಿರಿಯರು: ವರ್ಷಗಟ್ಟಲೆ ಮನೆಯವರು ನೋಡಿಕೊಳ್ಳಬೇಕಾದದ್ದು

ಡಿಸ್ಚಾರ್ಜ್ ಮಾಡುವಾಗ ಕೊಡುವ ಸಣ್ಣ ಕಾರ್ಡನ್ನು ಔಷಧಿ ಚೀಟಿಗಳ ಮಧ್ಯೆ ಸೇರಿಸಿಬಿಡಬೇಡಿ. ಕಂಪನಿ, ಮಾಡೆಲ್, ಹೃದಯಕ್ಕೆ ಹೋಗುವ ತಂತಿಗಳ ಮಾಡೆಲ್, ಹಾಕಿದ ತಾರೀಖು ಎಲ್ಲ ಅದರಲ್ಲೇ ಇರುತ್ತವೆ. ಒಂದು ಕಂಪನಿಯ ಪೇಸ್‌ಮೇಕರನ್ನು ಇನ್ನೊಂದು ಕಂಪನಿಯ ಪ್ರೋಗ್ರಾಮರ್ (ಹೊರಗಿನಿಂದಲೇ ಅದನ್ನು ಪರೀಕ್ಷಿಸಿ ಸೆಟ್ಟಿಂಗ್ ಬದಲಿಸುವ ಯಂತ್ರ) ಓದುವುದಿಲ್ಲ. ಎಂಟು ವರ್ಷದ ಮೇಲೆ ಬೇರೆ ಊರಿನಲ್ಲಿ ಅಜ್ಜಿ ತಲೆಸುತ್ತಿ ಬಿದ್ದರೆ, ಡ್ಯೂಟಿ ಡಾಕ್ಟರಿಗೆ ಮೊದಲು ಬೇಕಾಗುವುದು ಈ ಮಾಹಿತಿ. ಎಂಆರ್‌ಐ ಮಾಡಬಹುದೋ ಇಲ್ಲವೋ ಎಂದು ತೀರ್ಮಾನಿಸುವುದಕ್ಕೂ ಇದೇ ಬೇಕು. ಎರಡೂ ಬದಿಯ ಫೋಟೊ ತೆಗೆದು ಮನೆಯ ಇಬ್ಬರು ಮೂವರ ಫೋನಿನಲ್ಲಿ ಇಡಿ.

ಎದೆಯಲ್ಲಿರುವುದು ಯಾವುದು ಎಂಬುದೂ ಎಲ್ಲರಿಗೂ ತಿಳಿದಿರಲಿ. ಎರಡರಲ್ಲೂ ಚರ್ಮದಡಿ ಬ್ಯಾಟರಿಯಿರುವ ಒಂದು ಸಣ್ಣ ಪೆಟ್ಟಿಗೆ, ಅದರಿಂದ ಹೊರಡುವ ತಂತಿ ಇರುತ್ತವೆ. ಪೇಸ್‌ಮೇಕರ್ ನಿಧಾನವಾದ ಹೃದಯಕ್ಕೆ ಬಡಿತ ಕೊಡುತ್ತದೆ. ಐಸಿಡಿ ಅದರ ಜೊತೆಗೆ, ಹೃದಯ ಅಪಾಯಕಾರಿ ವೇಗದಲ್ಲಿ ಓಡಿದಾಗ ಶಾಕ್ ಕೊಟ್ಟು ಸರಿಪಡಿಸುತ್ತದೆ. ಮುಂದೆ ಹೇಳುವ ಹಲವು ವಿಷಯಗಳು ಈ ವ್ಯತ್ಯಾಸದ ಮೇಲೆ ನಿಂತಿವೆ.

ಮೊದಲ ನಾಲ್ಕರಿಂದ ಆರು ವಾರ ಪೆಟ್ಟಿಗೆ ಹಾಕಿದ ಬದಿಯ ಮೊಣಕೈ ಭುಜಕ್ಕಿಂತ ಮೇಲೆ ಹೋಗಬಾರದು, ಭಾರ ಎತ್ತಬಾರದು. ತಂತಿಯ ತುದಿ ಹೃದಯದ ಗೋಡೆಗೆ ಕಚ್ಚಿಕೊಳ್ಳಲು ಅಷ್ಟು ಸಮಯ ಬೇಕು. ಹಾಗೆಂದು ಕೈಯನ್ನು ಪಟ್ಟಿಯಲ್ಲಿ ತೂಗುಹಾಕಿ ಕೂರಿಸಲೂಬೇಡಿ, ಭುಜ ಗಟ್ಟಿಯಾಗಿ ತಿಂಗಳುಗಟ್ಟಲೆ ನೋಯುತ್ತದೆ.

ಚೆಕಪ್‌ನಲ್ಲಿ ಕೇಳಬೇಕಾದದ್ದು

ಪೇಸ್‌ಮೇಕರಿಗೆ ಸಾಮಾನ್ಯವಾಗಿ 6ರಿಂದ 12 ತಿಂಗಳಿಗೊಮ್ಮೆ, ಐಸಿಡಿಗೆ 3ರಿಂದ 6 ತಿಂಗಳಿಗೊಮ್ಮೆ ಪರೀಕ್ಷೆ. "ಎಲ್ಲ ಚೆನ್ನಾಗಿದೆ" ಎಂಬ ಮಾತಿಗೆ ಎದ್ದು ಬರಬೇಡಿ. ಒಂದು ನೋಟ್‌ಬುಕ್ ಇಟ್ಟು ಪ್ರತಿಸಲ ಬರೆದುಕೊಳ್ಳಿ: ಬ್ಯಾಟರಿ ಇನ್ನೆಷ್ಟು ವರ್ಷ, ತಂತಿಯ ರೋಧ ಎಷ್ಟು ಓಮ್, ಬಡಿತ ಹುಟ್ಟಿಸಲು ಬೇಕಾಗುವ ಕನಿಷ್ಠ ವೋಲ್ಟ್ ಎಷ್ಟು, ಹೃದಯದ ಕೆಳಗಿನ ಕೋಣೆಗೆ ಶೇಕಡ ಎಷ್ಟು ಬಡಿತವನ್ನು ಯಂತ್ರವೇ ಕೊಡುತ್ತಿದೆ.

ಒಂದೇ ಸಲದ ಸಂಖ್ಯೆಗಿಂತ ಅದು ಬದಲಾದ ರೀತಿ ಹೆಚ್ಚು ಹೇಳುತ್ತದೆ. ರೋಧ ಥಟ್ಟನೆ ಕುಸಿದರೆ ತಂತಿಯ ಹೊದಿಕೆ ಸವೆದಿರಬಹುದು. ಥಟ್ಟನೆ ಏರಿದರೆ ಒಳಗಿನ ಎಳೆ ಮುರಿದಿರಬಹುದು, ಇಲ್ಲವೇ ಪೆಟ್ಟಿಗೆಗೆ ಜೋಡಿಸಿದ ಸ್ಕ್ರೂ ಸಡಿಲವಾಗಿರಬಹುದು. ಬಡಿತಕ್ಕೆ ಬೇಕಾಗುವ ಕನಿಷ್ಠ ವೋಲ್ಟ್ 0.75 ಇದ್ದದ್ದು 2 ಆಗಿದ್ದರೆ ಕಾರಣ ಕೇಳಿ, ಬ್ಯಾಟರಿಯೂ ಬೇಗ ಮುಗಿಯುತ್ತದೆ. ಮೇಲಿನ ಕೋಣೆಗಳ ಅಡ್ಡಾದಿಡ್ಡಿ ಬಡಿತ ದಾಖಲಾಗಿದೆಯೇ ಎಂದೂ ಕೇಳಿ. ರೋಗಿಗೆ ಏನೂ ಅನಿಸದಿದ್ದರೂ ಅದು ಪಾರ್ಶ್ವವಾಯುವಿಗೆ ದಾರಿಯಾಗಬಹುದು, ರಕ್ತ ತೆಳುವಾಗಿಸುವ ಮಾತ್ರೆ ಬೇಕೇ ಎಂದು ಡಾಕ್ಟರು ಯೋಚಿಸಬೇಕಾಗುತ್ತದೆ.

ಇವುಗಳಲ್ಲಿ ನಾವು ಹೆಚ್ಚು ಒತ್ತಿ ಹೇಳುವುದು ಯಂತ್ರ ಕೊಡುವ ಬಡಿತದ ಶೇಕಡಾವಾರನ್ನು. ತಂತಿ ಬಲಗಡೆಯ ಕೆಳಕೋಣೆಯಲ್ಲಿರುವುದರಿಂದ ಎಡಗಡೆ ಸ್ವಲ್ಪ ತಡವಾಗಿ ಹಿಂಡಿಕೊಳ್ಳುತ್ತದೆ. ಶೇಕಡ 20ಕ್ಕಿಂತ ಹೆಚ್ಚು ಬಡಿತ ಹೀಗೆ ಬರುವವರಲ್ಲಿ ಕೆಲವರ ಹೃದಯ ವರ್ಷಗಳಲ್ಲಿ ಸೋಲುತ್ತ ಹೋಗುತ್ತದೆ. ಏದುಸಿರು, ಸಂಜೆಗೆ ಕಾಲು ಊತ, ರಾತ್ರಿ ಎರಡು ದಿಂಬು ಬೇಕಾಗುವುದು ಅದರ ಗುರುತುಗಳು. ದುಃಖದ ಸಂಗತಿಯೆಂದರೆ ಮನೆಯಲ್ಲಿ ಇದನ್ನು "ವಯಸ್ಸಾಯಿತಲ್ಲ" ಎಂದು ಬಿಟ್ಟುಬಿಡುತ್ತಾರೆ. ಹೃದಯದ ಸ್ವಂತ ಬಡಿತ ಆಗಾಗ ಮಾತ್ರ ನಿಧಾನವಾಗುವವರಿಗೆ ಸೆಟ್ಟಿಂಗ್ ಬದಲಿಸಿ ಈ ಪ್ರಮಾಣ ಇಳಿಸಬಹುದು. ಪೂರ್ತಿ ಹಾರ್ಟ್ ಬ್ಲಾಕ್ (ಮೇಲಿನ ಕೋಣೆಯ ವಿದ್ಯುತ್ ಸಂಕೇತ ಕೆಳಕೋಣೆಗೆ ತಲುಪದಿರುವುದು) ಇರುವವರಿಗೆ ಇಳಿಸಲಾಗದು, ಅವರಿಗೆ ವರ್ಷಕ್ಕೊಂದು ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸುವುದು ಒಳ್ಳೆಯದು. ಪಂಪ್ ಶಕ್ತಿ ಕುಗ್ಗಿದ್ದರೆ ಎಡಗಡೆಗೂ ಒಂದು ತಂತಿ ಸೇರಿಸುವ ಸಿಆರ್‌ಟಿಯಂಥ ದಾರಿಗಳಿವೆ.

ಚರ್ಮ ಮತ್ತು ನಾಡಿ

ವಾರಕ್ಕೊಮ್ಮೆ ಸ್ನಾನದ ಹೊತ್ತಿನಲ್ಲಿ ಪೆಟ್ಟಿಗೆಯ ಮೇಲಿನ ಚರ್ಮ ನೋಡಿ. ಬಡಕಲು ದೇಹದ ವೃದ್ಧರಲ್ಲಿ ಚರ್ಮ ತೆಳುವಾಗಿ, ಕೆಂಪೇರಿ, ಪೆಟ್ಟಿಗೆಯ ಅಂಚು ಎದ್ದು ಕಾಣತೊಡಗುತ್ತದೆ. ಊತ, ಬಿಸಿ, ಕೀವು, ವಾರಗಟ್ಟಲೆ ಬಿಡದ ಜ್ವರ ಕಂಡರೆ ಪೇಸ್‌ಮೇಕರ್ ಹಾಕುವ ಆಸ್ಪತ್ರೆಗೇ ಹೋಗಿ. ಸೂಜಿ ಚುಚ್ಚಿ ನೀರು ತೆಗೆಸಬೇಡಿ, ಅದರಿಂದಲೇ ಸೋಂಕು ಒಳಹೋಗುತ್ತದೆ. ಪೆಟ್ಟಿಗೆಗೆ ಸೋಂಕು ತಗುಲಿದರೆ ಬರೀ ಆಂಟಿಬಯೋಟಿಕ್‌ನಿಂದ ವಾಸಿಯಾಗುವುದಿಲ್ಲ. ತಂತಿ ಸಮೇತ ಪೂರ್ತಿ ತೆಗೆಯಬೇಕಾಗುತ್ತದೆ. ಮರೆವಿನ ಕಾಯಿಲೆ ಇರುವವರು ಪೆಟ್ಟಿಗೆಯನ್ನು ಬೆರಳಿನಿಂದ ತಿರುಗಿಸುತ್ತ ಕೂರುವುದುಂಟು. ತಂತಿ ಸುತ್ತಿಕೊಂಡು ಕಿತ್ತುಬರುತ್ತದೆ, ಎಚ್ಚರ.

ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಕನಿಷ್ಠ ಬಡಿತ 60ಕ್ಕೆ ಇಟ್ಟಿದ್ದು, ನಾಡಿ ಪದೇಪದೇ 50 ಬಂದರೆ ಅದೇ ವಾರ ಇಸಿಜಿ ಮಾಡಿಸಿ. ನಡುವೆ ಬರುವ ಬಿಡಿ ಬಡಿತಗಳು ಮಣಿಕಟ್ಟಿಗೆ ತಲುಪದೆ ಎಣಿಕೆ ತಪ್ಪುವುದೂ ಉಂಟು, ಇಸಿಜಿಯಲ್ಲಿ ಅದು ತಿಳಿಯುತ್ತದೆ. ತಲೆಸುತ್ತು, ಕಣ್ಣುಕತ್ತಲೆ ಜೊತೆಗಿದ್ದರೆ ವಾರ ಕಾಯಬೇಡಿ, ಆಗಲೇ ಹೊರಡಿ.

ಮನೆಯ ವಸ್ತುಗಳು

ಮೊಬೈಲ್ ಅಂಗಿಯ ಜೇಬಿನಲ್ಲಿ ಬೇಡ, 15 ಸೆಂ.ಮೀ. ದೂರವಿರಲಿ. ಇಂಡಕ್ಷನ್ ಒಲೆಯಿಂದ 60 ಸೆಂ.ಮೀ. ಮಿಕ್ಸಿ, ಟಿವಿ, ಮೈಕ್ರೋವೇವ್ ತೊಂದರೆಯಿಲ್ಲ. ನೋವಿಗೆಂದು ವೃದ್ಧರಿಗೆ ಮಾರುವ ಅಯಸ್ಕಾಂತದ ಹಾಸಿಗೆ, ಬೆಲ್ಟ್ ಮಾತ್ರ ಮನೆಗೆ ತರಲೇಬೇಡಿ. ಫಿಸಿಯೋಥೆರಪಿಯಲ್ಲಿ ಡಯಾಥರ್ಮಿ (ವಿದ್ಯುತ್ ಅಲೆಗಳಿಂದ ಒಳಗೆ ಶಾಖ ಕೊಡುವುದು) ಎಂದರೆ ಖಡಾಖಂಡಿತವಾಗಿ ಬೇಡವೆನ್ನಿ.

ಶಾಕ್ ಬಂದರೆ

ಐಸಿಡಿ ಒಂದೇ ಶಾಕ್ ಕೊಟ್ಟು, ಆಮೇಲೆ ಆರಾಮಾಗಿದ್ದರೆ ಅದೇ ದಿನ ಕ್ಲಿನಿಕ್‌ಗೆ ಫೋನ್ ಮಾಡಿ. 24 ಗಂಟೆಯಲ್ಲಿ ಎರಡು ಅಥವಾ ಹೆಚ್ಚು ಬಂದರೆ, ಇಲ್ಲವೇ ಒಂದು ಶಾಕ್ ಜೊತೆ ಎದೆನೋವು, ಉಸಿರುಕಟ್ಟು, ಪ್ರಜ್ಞೆ ತಪ್ಪುವುದು ಇದ್ದರೆ ತಕ್ಷಣ 108. ಆ ಹೊತ್ತಿನಲ್ಲಿ ಅವರನ್ನು ಮುಟ್ಟಲು ಹೆದರಬೇಡಿ. ಮುಟ್ಟಿದವರಿಗೆ ಜುಮ್ಮೆನ್ನಬಹುದು, ಅಪಾಯವಿಲ್ಲ.

ಬ್ಯಾಟರಿ ಮುಗಿದಾಗ

ಬ್ಯಾಟರಿ ಬದಲಿಸುವ ಸೂಚನೆ ಬಂದ ಮೇಲೆ ಸಾಮಾನ್ಯವಾಗಿ ಸುಮಾರು ಮೂರು ತಿಂಗಳು ಸಮಯವಿರುತ್ತದೆ. ಬದಲಿಸುವುದು ಇಡೀ ಪೆಟ್ಟಿಗೆಯನ್ನು. ತಂತಿಗಳು ಸರಿಯಿದ್ದರೆ ಹಾಗೇ ಉಳಿಯುತ್ತವೆ. 1958ರಲ್ಲಿ ಸ್ವೀಡನ್ನಿನಲ್ಲಿ ಮೊದಲ ಬಾರಿಗೆ ದೇಹದೊಳಗೆ ಪೇಸ್‌ಮೇಕರ್ ಹಾಕಿಸಿಕೊಂಡ ಆರ್ನೆ ಲಾರ್ಸನ್ ಇಪ್ಪತ್ತಕ್ಕೂ ಹೆಚ್ಚು ಪೆಟ್ಟಿಗೆ ಬದಲಿಸಿಕೊಂಡು 2001ರವರೆಗೆ ಬದುಕಿದರು. ಪೇಸ್‌ಮೇಕರನ್ನೇ ನೆಚ್ಚಿಕೊಂಡವರಿಗೆ ತೊಂಬತ್ತರ ವಯಸ್ಸಿನಲ್ಲೂ ಬದಲಿಸುವುದು ಸರಿಯೇ.

ಐಸಿಡಿಗೆ ಹಾಗಲ್ಲ. ಹೃದಯ ರಕ್ತನಾಳದ ಅಡಚಣೆಯಿಲ್ಲದ ಹೃದಯ ವೈಫಲ್ಯದವರ ಮೇಲೆ ಡೆನ್ಮಾರ್ಕಿನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಡ್ಯಾನಿಶ್ ಅಧ್ಯಯನದಲ್ಲಿ ಐಸಿಡಿಯಿಂದ ಒಟ್ಟು ಸಾವು ಕಡಿಮೆಯಾಗಲಿಲ್ಲ. ಪ್ರಯೋಜನ ಕಂಡದ್ದು ವಯಸ್ಸು ಕಡಿಮೆ ಇದ್ದವರಲ್ಲಿ. ಇಷ್ಟು ವರ್ಷ ಒಂದೂ ಶಾಕ್ ಬೇಕಾಗಿಲ್ಲವೇ, ಪಂಪ್ ಶಕ್ತಿ ಸುಧಾರಿಸಿದೆಯೇ, ಮೂತ್ರಪಿಂಡವೋ ಕ್ಯಾನ್ಸರೋ ಮುಂದೆ ನಿಂತಿದೆಯೇ ಎಂದು ಬದಲಿಸುವ ಮೊದಲೇ ಡಾಕ್ಟರ ಎದುರು ಕೂತು ಮಾತಾಡಿ. ಹಿರಿಯರೇ ಹೇಳುವ ಸ್ಥಿತಿಯಲ್ಲಿದ್ದರೆ ಅವರ ಮಾತು ಮೊದಲು.

ಕೊನೆಯ ದಿನಗಳಲ್ಲಿ

ಸಾಯುತ್ತಿರುವವರಿಗೆ ಐಸಿಡಿ ಮತ್ತೆಮತ್ತೆ ಶಾಕ್ ಕೊಡಬಹುದು, ಅದು ಎಚ್ಚರವಿರುವವರಿಗೆ ಹಿಂಸೆ. ಶಾಕ್ ಭಾಗವನ್ನು ಮಾತ್ರ ಪ್ರೋಗ್ರಾಮರ್‌ನಿಂದ ನೋವಿಲ್ಲದೆ ನಿಲ್ಲಿಸಬಹುದು, ಅದರಿಂದ ಪ್ರಾಣ ಆ ಕ್ಷಣ ಹೋಗುವುದಿಲ್ಲ. ಮನೆಗೆ ಕರೆತರುವ ಮುನ್ನವೇ ಆಸ್ಪತ್ರೆಯಲ್ಲಿ ಕೇಳಿ ಮಾಡಿಸಿ. ಬರೀ ಪೇಸ್‌ಮೇಕರ್ ಇದ್ದರೆ ಆ ಚಿಂತೆಯಿಲ್ಲ. ಹೃದಯದ ಸ್ನಾಯು ಸೋತಾಗ ಪೇಸ್‌ಮೇಕರ್ ಕೊಡುವ ಬಡಿತಕ್ಕೆ ಸ್ಪಂದಿಸುವುದೇ ಇಲ್ಲ.

ದಹನ ಮಾಡುವುದಾದರೆ ಪೆಟ್ಟಿಗೆಯನ್ನು ಮೊದಲು ತೆಗೆಸಲೇಬೇಕು. ಬೆಂಕಿಗೆ ಬ್ಯಾಟರಿ ಸಿಡಿಯುತ್ತದೆ, ಸೌದೆ ಚಿತೆಯ ಹತ್ತಿರ ನಿಂತವರಿಗೂ ವಿದ್ಯುತ್ ಚಿತಾಗಾರದ ಸಿಬ್ಬಂದಿಗೂ ಅಪಾಯ. ಆಸ್ಪತ್ರೆಯಲ್ಲಿ ತೀರಿಕೊಂಡರೆ ಶವ ಕೊಡುವ ಮೊದಲೇ ಕೇಳಿ, ಮನೆಯಲ್ಲಾದರೆ ಡಾಕ್ಟರನ್ನು ಕರೆಸಿ. ಐಸಿಡಿಯಾದರೆ ಕೈಹಚ್ಚುವ ಮೊದಲು ಅದನ್ನು ಆಫ್ ಮಾಡಿಸಬೇಕು, ಇಲ್ಲದಿದ್ದರೆ ತಂತಿ ಕತ್ತರಿಸುವವರಿಗೇ ಶಾಕ್ ಹೊಡೆಯುತ್ತದೆ. ಹೂಳುವುದಾದರೆ ತೆಗೆಯಬೇಕಿಲ್ಲ.